ಸ್ಲೇಟು ಚಾವಣಿ: ಕಲ್ಲಿನ ಬೆಲೆ ಬೇರೆ, ಚಾವಣಿಯ ಖರ್ಚು ಬೇರೆ

[ದೃಶ್ಯ: ಇಳಿಜಾರಾದ ಸ್ಲೇಟು ಚಾವಣಿಯ ಮೇಲೆ ನಿಧಾನವಾಗಿ ಸಾಗುವ ಕ್ಯಾಮೆರಾ. ಕಲ್ಲಿನ ಸಾಲುಗಳು ಒಂದರ ಮೇಲೊಂದು ಏರಿ ಕುಳಿತಿರುವುದು ಸ್ಪಷ್ಟವಾಗಿ ಕಾಣಬೇಕು.]

ನಿರೂಪಣೆ:
ನಮಸ್ಕಾರ. ಮನೆಗೆ ಸ್ಲೇಟು ಕಲ್ಲಿನ ಚಾವಣಿ ಹಾಕಿಸಲು ಯೋಚಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಕಲ್ಲು ಚದರ ಮೀಟರಿಗೆ ಎಷ್ಟು ಬೀಳುತ್ತದೆ ಎಂದು. ಪ್ರಶ್ನೆ ಸಹಜವಾದದ್ದೇ, ಆದರೆ ಅದರ ಉತ್ತರದಿಂದ ಚಾವಣಿಯ ಖರ್ಚು ತಿಳಿಯುವುದಿಲ್ಲ. ಒಂದೇ ಗಣಿಯ, ಒಂದೇ ಅಳತೆಯ ಕಲ್ಲನ್ನು ಎರಡು ಮನೆಗಳಿಗೆ ಹೊದಿಸಿದರೂ ಒಟ್ಟು ಖರ್ಚಿನಲ್ಲಿ ದೊಡ್ಡ ಅಂತರ ಬರಬಹುದು, ಏಕೆಂದರೆ ಚಾವಣಿಯ ಇಳಿಜಾರು, ಅದನ್ನು ಹೊರುವ ಚೌಕಟ್ಟು, ಮೊಳೆ, ತಗಡು ಮತ್ತು ಕೆಲಸಗಾರರ ಕೈಚಳಕ ಇವೆಲ್ಲವೂ ಕಲ್ಲಿನಷ್ಟೇ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಇಲ್ಲಿ ಬೆಲೆಪಟ್ಟಿ ಓದುವ ಬದಲು, ಖರ್ಚು ಎಲ್ಲೆಲ್ಲಿ ಹುಟ್ಟುತ್ತದೆ ಮತ್ತು ಯಾವ ಖರ್ಚಿನಲ್ಲಿ ಕೈ ಬಿಗಿಹಿಡಿಯಬಾರದು ಎಂಬುದನ್ನು ನೋಡೋಣ.

[ದೃಶ್ಯ: ಉಳಿಯ ಒಂದೇ ಪೆಟ್ಟಿಗೆ ಕಲ್ಲಿನ ದಿಮ್ಮಿ ತೆಳುವಾಗಿ ಸೀಳುವುದು.]

ನಿರೂಪಣೆ:
ಸ್ಲೇಟು ರೂಪಾಂತರ ಶಿಲೆ. ಪುರಾತನ ಸಮುದ್ರಗಳ ತಳದಲ್ಲಿ ಶೇಖರವಾದ ಸಣ್ಣ ಕಣಗಳ ಕೆಸರು ಗಟ್ಟಿಯಾಗಿ ಕಲ್ಲಾದ ಮೇಲೆ, ಭೂಪದರಗಳ ಚಲನೆಯಿಂದ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ, ಅದರೊಳಗಿನ ಅಭ್ರಕದಂತಹ ಹಾಳೆಯಾಕಾರದ ಖನಿಜಗಳು ಒಂದೇ ದಿಕ್ಕಿಗೆ ತಿರುಗಿ ಜೋಡಣೆಗೊಂಡಿರುತ್ತವೆ. ಕಲ್ಲು ಸೀಳುವುದು ಆ ದಿಕ್ಕಿನಲ್ಲೇ. ಸೀಳಿನ ಮೈ ಬಿಗಿಯಾಗಿರುವುದರಿಂದಲೇ ಕೇವಲ 5 ಅಥವಾ 6 ಮಿಲಿಮೀಟರ್ ದಪ್ಪದ ಕಲ್ಲು ನೀರನ್ನು ಒಳಗೆ ಬಿಟ್ಟುಕೊಳ್ಳದೆ ತಲೆಮಾರುಗಳ ಕಾಲ ನಿಲ್ಲುತ್ತದೆ. ಆದರೆ ಆ ಕೆಸರಿನಲ್ಲಿ ಜೇಡಿ ಖನಿಜಗಳ ಜೊತೆಗೆ ಸುಣ್ಣವೂ ಗಂಧಕಯುಕ್ತ ಕಬ್ಬಿಣದ ಖನಿಜವೂ ಬೆರೆತಿರುವ ಸಾಧ್ಯತೆ ಇದ್ದೇ ಇದೆ. ಗುಣಮಟ್ಟದ ಮಾತು ಬಂದಾಗ ಇವೆರಡನ್ನೂ ಮತ್ತೆ ನೋಡೋಣ.

[ತೆರೆಯ ಮೇಲೆ: ಕಾಣುವ ಭಾಗ = (ಕಲ್ಲಿನ ಉದ್ದ − ಮೇಲುಹೊದಿಕೆ) ÷ 2]

ನಿರೂಪಣೆ:
ಮೊದಲು ಲೆಕ್ಕ. ಸ್ಲೇಟನ್ನು ಎರಡು ಪದರವಾಗಿ ಹೊದಿಸುತ್ತಾರೆ. ಒಂದು ಸಾಲಿನ ಕೆಳ ಅಂಚು ತನ್ನ ಕೆಳಗಿನ ಸಾಲನ್ನಷ್ಟೇ ಅಲ್ಲದೆ, ಅದಕ್ಕೂ ಕೆಳಗಿನ ಸಾಲಿನ ತಲೆಯನ್ನೂ ಸ್ವಲ್ಪ ಮುಚ್ಚುತ್ತದೆ. ಹೀಗೆ ಮೂರು ಕಲ್ಲು ಒಂದರ ಮೇಲೊಂದು ಬರುವ ಪಟ್ಟಿಯನ್ನು ಇಲ್ಲಿ ಮೇಲುಹೊದಿಕೆ ಎನ್ನೋಣ. ಕಲ್ಲಿನ ಉದ್ದದಿಂದ ಇದನ್ನು ಕಳೆದು ಎರಡರಿಂದ ಭಾಗಿಸಿದರೆ, ಪ್ರತಿ ಕಲ್ಲಿನಲ್ಲಿ ಹೊರಗೆ ಕಾಣುವ ಭಾಗದ ಎತ್ತರ ಸಿಗುತ್ತದೆ. 500 ಮಿಲಿಮೀಟರ್ ಉದ್ದ, 250 ಮಿಲಿಮೀಟರ್ ಅಗಲದ ಕಲ್ಲಿಗೆ 75 ಮಿಲಿಮೀಟರ್ ಮೇಲುಹೊದಿಕೆ ಕೊಟ್ಟರೆ ಹೊರಗೆ ಕಾಣುವುದು 212.5 ಮಿಲಿಮೀಟರ್ ಮಾತ್ರ, ಅಂದರೆ ಅರ್ಧಕ್ಕಿಂತ ಕಡಿಮೆ. ಆ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 19 ಕಲ್ಲು ಬೇಕು. ಇಳಿಜಾರು ಕಡಿಮೆ ಇರುವ ಚಾವಣಿಯಲ್ಲಿ ನೀರು ನಿಧಾನವಾಗಿ ಇಳಿಯುವುದರಿಂದಲೂ ಗಾಳಿಗೆ ಮೇಲ್ಮುಖವಾಗಿ ನುಗ್ಗಬಹುದಾದ್ದರಿಂದಲೂ ಮೇಲುಹೊದಿಕೆಯನ್ನು 100 ಮಿಲಿಮೀಟರಿಗೆ ಏರಿಸಬೇಕಾಗುತ್ತದೆ, ಆಗ ಚದರ ಮೀಟರಿಗೆ 20 ಕಲ್ಲು ಬೇಕಾಗುತ್ತದೆ.

ವ್ಯತ್ಯಾಸ ಸಣ್ಣದೆಂದು ತೋರಬಹುದು. ಅದನ್ನು ಇಡೀ ಚಾವಣಿಗೆ ಅನ್ವಯಿಸಿ ನೋಡಿದಾಗ ಸ್ವಾರಸ್ಯದ ಸಂಗತಿಯೊಂದು ಹೊರಬೀಳುತ್ತದೆ. ನೆಲದ ಮೇಲೆ 100 ಚದರ ಮೀಟರ್ ಆವರಿಸುವ ಸರಳ ಚಾವಣಿಯನ್ನು ತೆಗೆದುಕೊಳ್ಳಿ. ಇಳಿಜಾರು 25 ಡಿಗ್ರಿ ಇದ್ದರೆ ಹೊದಿಸಬೇಕಾದ ಮೈ ಸುಮಾರು 110 ಚದರ ಮೀಟರ್, 35 ಡಿಗ್ರಿಯಾದರೆ 122. ಮೈ ಶೇಕಡಾ 10ಕ್ಕಿಂತ ಹೆಚ್ಚು ಬೆಳೆಯಿತು. ಆದರೆ ಮೊದಲನೆಯದಕ್ಕೆ 100 ಮಿಲಿಮೀಟರ್, ಎರಡನೆಯದಕ್ಕೆ 75 ಮಿಲಿಮೀಟರ್ ಮೇಲುಹೊದಿಕೆ ಕೊಟ್ಟರೆ ಕಲ್ಲಿನ ಸಂಖ್ಯೆ ಸುಮಾರು 2,200ರಿಂದ 2,300ಕ್ಕೆ ಮಾತ್ರ ಏರುತ್ತದೆ. ಚಾವಣಿಯನ್ನು ತಗ್ಗಿಸಿ ಉಳಿಸಿದ ಕಲ್ಲಿನ ಬಹುಪಾಲನ್ನು ಮೇಲುಹೊದಿಕೆಯೇ ತಿಂದುಹಾಕುತ್ತದೆ. ಇನ್ನೊಂದು ಕಡೆ, ಇಳಿಜಾರು 45 ಡಿಗ್ರಿಗೆ ಏರಿದರೆ ಮೈ 141 ಚದರ ಮೀಟರ್, ಕಲ್ಲು ಸುಮಾರು 2,660. ಜೊತೆಗೆ ಅಷ್ಟು ಕಡಿದಾದ ಮಾಡಿನ ಮೇಲೆ ಕೆಲಸ ಮಾಡಲು ಅಟ್ಟಣಿಗೆ, ಏಣಿ, ಸುರಕ್ಷತಾ ಹಗ್ಗ ಎಲ್ಲವೂ ಹೆಚ್ಚು ಬೇಕು. ಸುಮಾರು 20 ಡಿಗ್ರಿಗಿಂತ ಕಡಿಮೆ ಇಳಿಜಾರಿಗೆ ಸ್ಲೇಟು ಹಾಕಿಸುವ ಯೋಚನೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಅಲ್ಲಿ ಸೋರಿಕೆಯನ್ನು ತಡೆಯುವ ಕೆಲಸ ಕಲ್ಲಿನದ್ದಾಗದೆ ಅದರ ಅಡಿಯ ಹಾಸಿನದ್ದಾಗುತ್ತದೆ, ಕಲ್ಲು ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಈ ಸಂಖ್ಯೆಗಳ ಮೇಲೆ ಒಡೆಯುವುದಕ್ಕೂ ಕತ್ತರಿಸುವುದಕ್ಕೂ ಹೆಚ್ಚುವರಿ ಕಲ್ಲು ಸೇರಿಸಬೇಕು. ಎರಡೇ ಇಳಿಜಾರಿನ ಸರಳ ಮಾಡಿಗೆ ಇದು ಅಲ್ಪ. ಎರಡು ಇಳಿಜಾರುಗಳು ಕೂಡುವ ತಗ್ಗುಗಳು, ಗೋಪುರಾಕಾರದ ಮೂಲೆಗಳು, ಚಾವಣಿಯಲ್ಲೇ ಮೂಡಿದ ಕಿಟಕಿಗಳು ಹೆಚ್ಚಾದಂತೆ ಕಲ್ಲೂ ಕೂಲಿಯೂ ಒಟ್ಟಿಗೇ ಏರುತ್ತವೆ. ಹೊಸ ಮನೆಯ ನಕ್ಷೆ ಇನ್ನೂ ಕಾಗದದ ಮೇಲಿದ್ದರೆ, ಅಗ್ಗದ ಕಲ್ಲನ್ನು ಹುಡುಕುವುದಕ್ಕಿಂತ ಅನಗತ್ಯವಾದ ಒಂದು ತಗ್ಗನ್ನು ನಕ್ಷೆಯಿಂದ ತೆಗೆದುಹಾಕುವುದೇ ನಿಜವಾದ ಉಳಿತಾಯ.

[ದೃಶ್ಯ: ಚಾವಣಿಯ ಒಳಭಾಗ. ತೊಲೆ, ಜಂತಿ, ರೀಪುಗಳು.]

ನಿರೂಪಣೆ:
ಇನ್ನು ತೂಕ. 500 ಗುಣಿಸು 250 ಅಳತೆಯ, 6 ಮಿಲಿಮೀಟರ್ ದಪ್ಪದ ಒಂದು ಕಲ್ಲು ಸುಮಾರು ಎರಡು ಕಿಲೋ ತೂಗುತ್ತದೆ. ಚದರ ಮೀಟರಿಗೆ 19ರ ಲೆಕ್ಕದಲ್ಲಿ ಅದು 39 ಕಿಲೋ, ನಮ್ಮ 35 ಡಿಗ್ರಿಯ ಚಾವಣಿಗೆ ಒಟ್ಟು ನಾಲ್ಕೂಮುಕ್ಕಾಲು ಟನ್ನಿನಷ್ಟಾಗುತ್ತದೆ. ದಪ್ಪ 9 ಮಿಲಿಮೀಟರ್ ಆದರೆ ಅದರ ಒಂದೂವರೆ ಪಟ್ಟು. ಮಣ್ಣಿನ ಅಥವಾ ಕಾಂಕ್ರೀಟಿನ ಹೆಂಚನ್ನು ಹೊತ್ತಿದ್ದ ಚೌಕಟ್ಟಿಗೆ ಸಾಮಾನ್ಯ ದಪ್ಪದ ಸ್ಲೇಟು ಹೊಸ ಭಾರವೇನಲ್ಲ. ಆದರೆ ಚದರ ಮೀಟರಿಗೆ 10ರಿಂದ 15 ಕಿಲೋ ತೂಗುವ ಡಾಂಬರಿನ ಶಿಂಗಲ್ (ತೆಳುವಾದ ಹೊದಿಕೆಯ ಹಾಳೆ) ಅಥವಾ ಇನ್ನೂ ಹಗುರವಾದ ತಗಡನ್ನು ತೆಗೆದು ಸ್ಲೇಟು ಹಾಕುವುದಾದರೆ, ರಚನಾ ಎಂಜಿನಿಯರ್ ಒಬ್ಬರು ಲೆಕ್ಕ ಹಾಕಿ ಒಪ್ಪುವ ತನಕ ಒಂದು ಕಲ್ಲನ್ನೂ ಮೇಲೇರಿಸಬಾರದು. ಚೌಕಟ್ಟು ಕುಸಿಯುವುದು ಮಾತ್ರ ಅಪಾಯವಲ್ಲ. ಭಾರಕ್ಕೆ ಜಂತಿಗಳು ವರ್ಷಗಳಲ್ಲಿ ನಿಧಾನವಾಗಿ ಬಾಗಿದರೂ ಸ್ಲೇಟು ಅವುಗಳೊಂದಿಗೆ ಬಾಗುವುದಿಲ್ಲ, ಬಿರಿಯುತ್ತದೆ. ಭೂಕಂಪದ ಪ್ರದೇಶಗಳಲ್ಲಂತೂ ಮನೆಯ ನೆತ್ತಿಯ ಮೇಲಿನ ತೂಕ ಹೆಚ್ಚಿದಷ್ಟೂ ಅಲುಗಾಟದ ವೇಳೆ ಗೋಡೆಗಳ ಮೇಲೆ ಬೀಳುವ ಬಲವೂ ಹೆಚ್ಚುತ್ತದೆ. ಹಳೆಯ ಚೌಕಟ್ಟನ್ನು ಬಲಪಡಿಸುವ ಖರ್ಚು ಕಲ್ಲಿನ ಬೆಲೆಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ ಎಂಬುದನ್ನು ಗಮನಿಸಿ.

[ದೃಶ್ಯ: ಬೂದು, ಕಪ್ಪು, ಹಸಿರು, ನೇರಳೆ, ಕೆಂಪು ಸ್ಲೇಟುಗಳು ಸಾಲಾಗಿ.]

ನಿರೂಪಣೆ:
ಕಲ್ಲಿನ ಆಯ್ಕೆಗೆ ಬರೋಣ. ಮಾರಾಟದಲ್ಲಿ ಹೆಚ್ಚು ಕೇಳಿಬರುವುದು ಊರಿನ ಹೆಸರು. ಚಾವಣಿಯ ಸ್ಲೇಟನ್ನು ಜಗತ್ತಿನಲ್ಲಿ ಅತಿ ಹೆಚ್ಚು ಉತ್ಪಾದಿಸುವ ದೇಶ ಸ್ಪೇನ್, ಅದರಲ್ಲಿಯೂ ಮುಖ್ಯವಾಗಿ ಗಲಿಸಿಯಾ ಪ್ರಾಂತ್ಯ. ವಾಯವ್ಯ ವೇಲ್ಸ್‌ನ ಸ್ಲೇಟು ಗಣಿಗಳ ಪ್ರದೇಶವನ್ನು ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಮೆರಿಕದ ವರ್ಮಾಂಟ್ ಮತ್ತು ನ್ಯೂಯಾರ್ಕ್ ರಾಜ್ಯಗಳ ಗಡಿಯಲ್ಲಿ ಹಸಿರು, ನೇರಳೆ ಬಣ್ಣದ ಕಲ್ಲು ಸಿಗುತ್ತದೆ. ಅಲ್ಲಿಯ ಗ್ರಾನ್‌ವಿಲ್ ಸುತ್ತಲಿನ ಕೆಂಪು ಸ್ಲೇಟು ಅಪರೂಪವಾದದ್ದರಿಂದ ತುಂಬ ದುಬಾರಿ. ಇವೆಲ್ಲ ಗೌರವದ ಹೆಸರುಗಳೇ. ಆದರೂ ಒಂದೇ ಪ್ರಾಂತ್ಯದ, ಕೆಲವೊಮ್ಮೆ ಒಂದೇ ಗಣಿಯ ಎರಡು ಪದರಗಳ ಕಲ್ಲು ಬೇರೆ ಬೇರೆ ಗುಣದ್ದಾಗಿರುವುದರಿಂದ, ದೇಶದ ಹೆಸರನ್ನು ಗುಣಮಟ್ಟದ ಮುದ್ರೆಯೆಂದು ನಂಬಿ ಹಣ ಕೊಡುವುದು ಸರಿಯಲ್ಲ.

ನಂಬಬೇಕಾದದ್ದು ಪರೀಕ್ಷಾ ವರದಿಯನ್ನು. ಅಮೆರಿಕದ ಎಎಸ್‌ಟಿಎಂ ಸಿ 406 ಮಾನದಂಡ ಸ್ಲೇಟನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ಎಸ್1 ದರ್ಜೆಗೆ 75 ವರ್ಷಕ್ಕೂ ಹೆಚ್ಚು, ಎಸ್2ಕ್ಕೆ 40ರಿಂದ 75, ಎಸ್3ಕ್ಕೆ 20ರಿಂದ 40 ವರ್ಷ ಬಾಳಿಕೆಯ ನಿರೀಕ್ಷೆ. ಎಸ್1 ಎನಿಸಿಕೊಳ್ಳಲು ಕಲ್ಲು ಹೀರುವ ನೀರು ಅದರ ತೂಕದ ಶೇಕಡಾ 0.25ನ್ನು ಮೀರಬಾರದು. ಯುರೋಪಿನ ಇಎನ್ 12326 ಬೇರೆ ದಾರಿ ಹಿಡಿಯುತ್ತದೆ. ಅದು ಒಂದೇ ದರ್ಜೆಯನ್ನು ಕೊಡದೆ ನೀರಿನ ಹೀರಿಕೆ, ಬಿಸಿ ಮತ್ತು ನೀರಿನ ಆವರ್ತನೆ, ಗಂಧಕದ ಡೈಆಕ್ಸೈಡ್ ಅನಿಲದ ಪ್ರಭಾವ ಇವಕ್ಕೆ ಪ್ರತ್ಯೇಕ ಸಂಕೇತ ಕೊಡುತ್ತದೆ. ಬಿಸಿ ಮತ್ತು ನೀರಿನ ಪರೀಕ್ಷೆಯಲ್ಲಿ ಟಿ1 ಬಂದರೆ ಚಿಂತೆಯಿಲ್ಲ. ಟಿ2 ಎಂದರೆ ಕಲ್ಲಿನ ಮೇಲೆ ತುಕ್ಕಿನ ಗೆರೆಗಳು ಇಳಿಯಬಹುದು. ಟಿ3 ಎಂದರೆ ಖನಿಜ ಕರಗಿ ಕಲ್ಲಿನಲ್ಲಿ ಆರಪಾರ ತೂತು ಬೀಳುವ ಅಪಾಯವಿದೆ.

[ತೆರೆಯ ಮೇಲೆ: ಎರಡು ಮಾನದಂಡಗಳು, ಒಂದೇ ಸಂಕೇತ: ಎಸ್1]

ನಿರೂಪಣೆ:
ಇಲ್ಲೊಂದು ಬಲೆ ಇದೆ. ಯುರೋಪಿನ ಮಾನದಂಡದಲ್ಲಿಯೂ ಎಸ್1 ಎಂಬ ಸಂಕೇತವಿದೆ, ಆದರೆ ಅಲ್ಲಿ ಅದು ಗಂಧಕದ ಅನಿಲದ ಪರೀಕ್ಷೆಯೊಂದರ ಫಲಿತಾಂಶ ಮಾತ್ರ, ಬಾಳಿಕೆಯ ಭರವಸೆ ಅಲ್ಲ. ಮಾರಾಟಗಾರರು ಬರಿಯ "ಎಸ್1 ಕಲ್ಲು" ಎಂದು ಹೇಳಿದಾಗ, ಯಾವ ಮಾನದಂಡದ ಎಸ್1 ಎಂದು ಕೇಳಿ, ವರದಿಯ ಪ್ರತಿಯನ್ನೇ ಪಡೆಯಿರಿ. ವರದಿ ನೀವು ಕೊಳ್ಳುವ ಗಣಿಯದ್ದೇ ಆಗಿರಬೇಕು, ಇತ್ತೀಚಿನದಾಗಿರಬೇಕು.

ಮೊದಲು ಹೇಳಿದ ಎರಡು ಬೆರಕೆಗಳು ಇಲ್ಲಿಯೇ ಮುಖ್ಯವಾಗುತ್ತವೆ. ಕಲ್ಲಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಆಮ್ಲೀಯ ಮಳೆ ಅದನ್ನು ಜಿಪ್ಸಮ್ ಆಗಿ ಬದಲಿಸುತ್ತದೆ. ಜಿಪ್ಸಮ್ ಹೆಚ್ಚು ಜಾಗ ಬೇಡುವುದರಿಂದ ಪದರಗಳು ಒಳಗಿನಿಂದಲೇ ಉಬ್ಬಿ, ನೆನೆದ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತವೆ. ಕಬ್ಬಿಣ ಮತ್ತು ಗಂಧಕದ ಖನಿಜ, ಅಂದರೆ ಪೈರೈಟ್, ಹಿತ್ತಾಳೆಯ ಹೊಳಪಿನ ಚುಕ್ಕಿಗಳಾಗಿ ಕಾಣುತ್ತದೆ. ಎಲ್ಲ ಚುಕ್ಕಿಯೂ ತುಕ್ಕು ಹಿಡಿಯುವುದಿಲ್ಲ, ಅದನ್ನು ಕಣ್ಣಿನಿಂದ ನಿರ್ಧರಿಸಲೂ ಆಗುವುದಿಲ್ಲ, ಆದ್ದರಿಂದಲೇ ಪರೀಕ್ಷೆ ಬೇಕು. ಕೈಯಲ್ಲೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಒಳ್ಳೆಯ ಕಲ್ಲು ಗಣಗಣ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂದವಾಗಿ ಸದ್ದು ಮಾಡುತ್ತದೆ. ಒಂದು ಕಲ್ಲನ್ನು ಅರ್ಧದವರೆಗೆ ನೀರಿನಲ್ಲಿ ನಿಲ್ಲಿಸಿ ರಾತ್ರಿ ಕಳೆದರೆ, ಒಳ್ಳೆಯ ಕಲ್ಲಿನಲ್ಲಿ ತೇವ ನೀರಿನ ಮಟ್ಟದಿಂದ ಹೆಚ್ಚು ಮೇಲಕ್ಕೆ ಹತ್ತಿರುವುದಿಲ್ಲ. ಸಂದೇಹಾಸ್ಪದ ಕಲ್ಲನ್ನು ತಿರಸ್ಕರಿಸಲು ಇವು ಸಾಕು, ಒಳ್ಳೆಯದೆಂದು ಒಪ್ಪಿಕೊಳ್ಳಲು ಸಾಲವು.

ಬಣ್ಣದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕೆಲವು ಸ್ಲೇಟು ಬಣ್ಣ ಉಳಿಸಿಕೊಳ್ಳುತ್ತದೆ, ಕೆಲವು ಬೂದುಹಸಿರಿನಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗೆ ತಿರುಗುವುದು ದೋಷವಲ್ಲ, ಮೊದಲೇ ತಿಳಿದಿದ್ದರೆ ಸಾಕು.

[ದೃಶ್ಯ: ತಾಮ್ರದ ಮೊಳೆಗಳು, ಪಕ್ಕದಲ್ಲಿ ತುಕ್ಕು ಹಿಡಿದು ತೆಳುವಾದ ಕಬ್ಬಿಣದ ಮೊಳೆ.]

ನಿರೂಪಣೆ:
ಹಳೆಯ ಸ್ಲೇಟು ಚಾವಣಿಗಳು ಹಾಳಾಗುವಾಗ ಎಷ್ಟೋ ಸಲ ಕಲ್ಲು ಗಟ್ಟಿಯಾಗಿಯೇ ಇರುತ್ತದೆ. ಸತು ಲೇಪಿತ ಕಬ್ಬಿಣದ ಮೊಳೆ ತುಕ್ಕು ತಿಂದು ಕತ್ತರಿಸಿಹೋಗಿ, ಕಲ್ಲು ಒಂದೊಂದಾಗಿ ಜಾರಿಬೀಳುತ್ತದೆ. ನೂರು ವರ್ಷ ಬಾಳುವ ಕಲ್ಲಿಗೆ ಮೂವತ್ತು, ನಲವತ್ತು ವರ್ಷದ ಮೊಳೆ ಹೊಡೆದರೆ ಚಾವಣಿಯ ಆಯಸ್ಸು ಮೊಳೆಯದ್ದೇ ಆಗುತ್ತದೆ. ತಾಮ್ರದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದ್ದು ದುಬಾರಿಯೆನಿಸಿದರೂ ಒಟ್ಟು ಖರ್ಚಿನಲ್ಲಿ ಅದು ಸಣ್ಣ ಪಾಲು, ಇಲ್ಲಿ ಉಳಿಸಲು ಹೋಗಬೇಡಿ. ಗೋಡೆ, ಚಿಮಣಿ ಮತ್ತು ತಗ್ಗುಗಳಲ್ಲಿ ನೀರು ತಡೆಯಲು ಹಾಕುವ ಫ್ಲ್ಯಾಶಿಂಗ್ ತಗಡಿಗೂ ಇದೇ ಮಾತು ಸಲ್ಲುತ್ತದೆ. ಅಗ್ಗದ ತಗಡು ತೂತಾದಾಗ ಅದನ್ನು ಬದಲಿಸಲು ಅಕ್ಕಪಕ್ಕದ ಒಳ್ಳೆಯ ಕಲ್ಲುಗಳನ್ನೂ ಬಿಚ್ಚಬೇಕಾಗುತ್ತದೆ.

ಮೊಳೆ ಹೊಡೆಯುವ ರೀತಿಯಲ್ಲಿಯೇ ಕಸುಬು ತಿಳಿಯುತ್ತದೆ. ಸ್ಲೇಟನ್ನು ರೀಪಿಗೆ ಬಿಗಿಯುವುದಿಲ್ಲ, ಮೊಳೆಗೆ ತೂಗುಹಾಕುತ್ತಾರೆ. ಬಿಗಿದರೆ ಕಲ್ಲು ಬಿರಿಯುತ್ತದೆ. ಸಡಿಲ ಬಿಟ್ಟರೆ ಮೊಳೆಯ ತಲೆ ಮೇಲಿನ ಕಲ್ಲನ್ನು ಕೊರೆಯುತ್ತದೆ. ಅನುಭವಿಗಳು ಕಲ್ಲನ್ನು ಹಿಂಬದಿಯಿಂದ ಕುಟ್ಟಿ ತೂತು ಮಾಡುತ್ತಾರೆ, ಆಗ ಮುಂಬದಿಯಲ್ಲಿ ಚೂರು ಸಿಡಿದು ಮೊಳೆಯ ತಲೆ ಕೂರಲು ತಗ್ಗು ತಾನಾಗಿ ಆಗುತ್ತದೆ. ದಪ್ಪನೆಯ ಕಲ್ಲನ್ನು ಸೂರಿನ ಅಂಚಿಗೂ ತೆಳುವಾದದ್ದನ್ನು ನೆತ್ತಿಗೂ ಆರಿಸಿಡುತ್ತಾರೆ, ಬಣ್ಣ ಒಂದೆಡೆ ಗುಂಪಾಗದಂತೆ ಹಲವು ಕಟ್ಟುಗಳಿಂದ ಬೆರೆಸುತ್ತಾರೆ. ಬರಿಯ ಶಿಂಗಲ್ ಹೊದಿಸಿ ರೂಢಿಯಿರುವ ತಂಡ ಕಡಿಮೆ ಕೂಲಿಗೆ ಒಪ್ಪಿಕೊಂಡರೆ, ಅವರು ಹಿಂದೆ ಹೊದಿಸಿದ, ಕನಿಷ್ಠ ಹಲವು ಮಳೆಗಾಲ ಕಂಡ ಸ್ಲೇಟು ಚಾವಣಿಯನ್ನು ನೋಡದೆ ಕೆಲಸ ಕೊಡಬೇಡಿ.

[ದೃಶ್ಯ: ಫೈಬರ್ ಸಿಮೆಂಟ್ ಮತ್ತು ಪಾಲಿಮರ್ ಸ್ಲೇಟಿನ ಮಾದರಿಗಳು.]

ನಿರೂಪಣೆ:
ಇಷ್ಟೆಲ್ಲ ಆದ ಮೇಲೆ ಸ್ಲೇಟು ಲಾಭವೇ? ಬೇರೊಂದು ಹೊದಿಕೆಗೆ ಸ್ಲೇಟಿನ ಮೂರನೇ ಒಂದು ಭಾಗ ಖರ್ಚಾಗಿ ಅದು 25 ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. 75 ವರ್ಷಗಳಲ್ಲಿ ಮೂರು ಸಲ ಹೊದಿಸಿದಾಗ ಲೆಕ್ಕ ಸಮವಾಗುತ್ತದೆ, ಹಳೆಯದನ್ನು ಕಿತ್ತು ಸಾಗಿಸುವ ಖರ್ಚು ಸ್ಲೇಟಿನ ಪರವಾಗಿ ನಿಲ್ಲುತ್ತದೆ. ಆದರೆ ಸ್ಲೇಟಿನ ಹಣವನ್ನು ಮೊದಲ ದಿನವೇ ಇಡಬೇಕು. ಸಾಲ ಮಾಡಿ ಇಡುವುದಾದರೆ ಬಡ್ಡಿಯೇ ಆ ಲಾಭವನ್ನು ಅಳಿಸಿಹಾಕಬಹುದು. ಹತ್ತು ಹದಿನೈದು ವರ್ಷದಲ್ಲಿ ಮಾರುವ ಮನೆಗೆ, ಅಥವಾ ಚೌಕಟ್ಟೇ ಐವತ್ತು ವರ್ಷ ನಿಲ್ಲದ ಮನೆಗೆ ಸ್ಲೇಟು ಹಾಕಿಸುವುದರಲ್ಲಿ ಹಣದ ದೃಷ್ಟಿಯಿಂದ ಅರ್ಥವಿಲ್ಲವೆಂಬುದು ನನ್ನ ಅಭಿಪ್ರಾಯ. ಅಂಥ ಕಡೆ ಫೈಬರ್ ಸಿಮೆಂಟಿನ ಅಥವಾ ಪಾಲಿಮರಿನ ಸ್ಲೇಟು ಹಗುರವಾದ, ಕಡಿಮೆ ಖರ್ಚಿನ ಆಯ್ಕೆ. ಪಾಲಿಮರಿನದ್ದಾದರೆ ಬೆಂಕಿಯ ದರ್ಜೆಯನ್ನೂ ಬಿಸಿಲು ತಾಳುವ ಶಕ್ತಿಯನ್ನೂ ವಿಚಾರಿಸಬೇಕು. ಸಹಜ ಸ್ಲೇಟು ಉರಿಯುವುದೇ ಇಲ್ಲ.

ದರದ ಅಂದಾಜು ಪತ್ರ ಕೈಗೆ ಬಂದಾಗ ಗಣಿಯ ಹೆಸರು, ಪರೀಕ್ಷೆಯ ಸಂಕೇತಗಳು, ಕಲ್ಲಿನ ಅಳತೆ ಮತ್ತು ದಪ್ಪ, ಮೇಲುಹೊದಿಕೆ ಎಷ್ಟು, ಮೊಳೆ ಮತ್ತು ತಗಡು ಯಾವ ಲೋಹದ್ದು, ಅಟ್ಟಣಿಗೆಯ ಖರ್ಚು ಸೇರಿದೆಯೇ ಎಂಬುದನ್ನು ನೋಡಿ. ಮೇಲುಹೊದಿಕೆಯನ್ನು ಬರೆಯದ ಪತ್ರವನ್ನು ಇನ್ನೊಂದರೊಂದಿಗೆ ಹೋಲಿಸಲು ಬರುವುದಿಲ್ಲ, ಅದನ್ನು 20 ಮಿಲಿಮೀಟರ್ ಕಡಿಮೆ ಮಾಡಿಯೇ ದರವನ್ನು ತಗ್ಗಿಸಿ ತೋರಿಸಬಹುದು. ಬೇಕಾದ್ದಕ್ಕಿಂತ ಕೆಲವು ಡಜನ್ ಕಲ್ಲನ್ನು ಹೆಚ್ಚಿಗೆ ಕೊಂಡು ಇಟ್ಟುಕೊಳ್ಳಿ, ಏಕೆಂದರೆ ಗಣಿಯ ಆ ಪದರ ಮುಗಿದ ಮೇಲೆ ಅದೇ ಬಣ್ಣದ ಕಲ್ಲು ಮತ್ತೆ ಸಿಗದಿರಬಹುದು. ಅವನ್ನು ಮಲಗಿಸಿ ಪೇರಿಸದೆ, ಮರದ ಪಟ್ಟಿಯ ಮೇಲೆ ಉದ್ದನೆಯ ಅಂಚಿನಲ್ಲಿ ನಿಲ್ಲಿಸಿಡಬೇಕು.