ಹಳೇ ವರ್ಷನ್ ಹಾಕಿದ ಮಾತ್ರಕ್ಕೆ ಟಿಕೆಟ್ ಮುಚ್ಚಬೇಡಿ

ಎಲ್ಲರಿಗೂ ನಮಸ್ಕಾರ.

ಲೈಬ್ರರಿ, ಅಂದರೆ ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಕೋಡ್, ಅಪ್‌ಗ್ರೇಡ್ ಆದ ಮೇಲೆ ಪ್ರೋಗ್ರಾಮ್ ಕ್ರ್ಯಾಶ್ ಆಗುವುದನ್ನು ನೀವೆಲ್ಲ ನೋಡಿದ್ದೀರಿ. ಆಗ ಮೊದಲು ಬರುವ ಮಾತು, "ಹಳೇ ವರ್ಷನ್ ಹಾಕ್ಬಿಡಿ." ಬಳಕೆದಾರರು ಕಾಯುತ್ತಿದ್ದರೆ ಖಂಡಿತ ಹಾಕಿ. ಆದರೆ ಟಿಕೆಟ್, ಅಂದರೆ ಆ ದೋಷದ ದೂರು, ಮುಚ್ಚಬೇಡಿ. ಹೊಸ ಲೈಬ್ರರಿ ತಪ್ಪನ್ನು ತಂದಿತೋ, ನಮ್ಮಲ್ಲಿ ಮೊದಲೇ ಇದ್ದ ತಪ್ಪನ್ನು ಬಯಲು ಮಾಡಿತೋ? ಇದು ಗೊತ್ತಾಗುವ ತನಕ ಕೆಲಸ ಮುಗಿದಿಲ್ಲ.

2010ರ ಒಂದು ಪ್ರಸಂಗ ಹೇಳುತ್ತೇನೆ. ಕ್ರ್ಯಾಶ್ ಅಲ್ಲ, ಆದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಲಿನಕ್ಸ್‌ನ ಫೆಡೋರಾ 14ಕ್ಕೆ ಹೋದವರಿಗೆ, ಬ್ರೌಸರ್‌ನಲ್ಲಿ ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ನಲ್ಲಿ ಧ್ವನಿ ಒಡೆದು ಕೇಳತೊಡಗಿತು. ಕಾರಣ, ಸಿ ಭಾಷೆಯ ಲೈಬ್ರರಿಯಾದ ಜಿಲಿಬ್‌ಸಿ ಬದಲಾಗಿತ್ತು. ಅದರಲ್ಲಿ ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ನಕಲು ಮಾಡುವ ಮೆಮ್‌ಕಾಪಿಯನ್ನು ವೇಗಕ್ಕಾಗಿ ಹೊಸದಾಗಿ ಬರೆದಿದ್ದರು. ಕೆಲವು ಪ್ರೊಸೆಸರ್‌ಗಳಲ್ಲಿ ಅದು ಕೊನೆಯಿಂದ ಹಿಂದಕ್ಕೆ ನಕಲು ಮಾಡುತ್ತಿತ್ತು. ಮೆಮೊರಿ ತಪ್ಪು ಹುಡುಕುವ ವ್ಯಾಲ್‌ಗ್ರೈಂಡ್‌ನಲ್ಲಿ ಓಡಿಸಿದಾಗ ವಿಷಯ ಹೊರಬಿತ್ತು: ಮೂಲ ಮತ್ತು ಗುರಿಯ ಜಾಗಗಳು ಒಂದರ ಮೇಲೊಂದು ಬಿದ್ದಿದ್ದರೂ ಫ್ಲ್ಯಾಶ್ ಮೆಮ್‌ಕಾಪಿ ಕರೆಯುತ್ತಿತ್ತು. ಸಿ ನಿಯಮ ಇದನ್ನು ಒಪ್ಪುವುದಿಲ್ಲ, ಅದಕ್ಕೆಂದೇ ಮೆಮ್‌ಮೂವ್ ಇದೆ ಅಲ್ವಾ? ಮೊದಲಿನಿಂದ ನಕಲಾಗುತ್ತಿದ್ದಷ್ಟು ಕಾಲ ತಪ್ಪು ಸುಮ್ನೆ ಮಲಗಿತ್ತು.

ಆಗ ದೊಡ್ಡ ಜಗಳವೇ ಆಯಿತು. ನಿಯಮ ಮುರಿದದ್ದು ಪ್ರೋಗ್ರಾಮ್ ಎಂದು ಕೆಲವರು. ಓಡುತ್ತಿದ್ದದ್ದನ್ನು ಕೆಡಿಸಬಾರದು ಎಂದು ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್. ಜಿಲಿಬ್‌ಸಿ 2.14ರಲ್ಲಿ ದಾರಿ ಸಿಕ್ಕಿತು. ಹಳೇ ಬೈನರಿಗಳಿಗೆ (ಮೊದಲೇ ಬಿಲ್ಡ್ ಆಗಿದ್ದ ಪ್ರೋಗ್ರಾಮ್‌ಗಳಿಗೆ) ಮೆಮ್‌ಮೂವ್‌ನ ನಡವಳಿಕೆ, ಹೊಸದಾಗಿ ಲಿಂಕ್ ಆದವಕ್ಕೆ ಹೊಸ ಮೆಮ್‌ಕಾಪಿ. ನನಗೆ ತುಂಬಾ ಇಷ್ಟವಾದ ಪರಿಹಾರ ಇದು. ಮೂಲ ಕಾರಣ ಗೊತ್ತಾಗಿದ್ದರಿಂದಲೇ ಇಷ್ಟು ಸೂಕ್ಷ್ಮವಾಗಿ ಸರಿಪಡಿಸಲು ಆಯಿತು. ಎಲ್ಲರೂ ಹಳೇ ವರ್ಷನ್‌ಗೆ ಹೋಗಿ ಸುಮ್ಮನಾಗಿದ್ದರೆ?

ಈಗ ನಿಜವಾದ ಕ್ರ್ಯಾಶ್‌ಗೆ ಬರೋಣ. ಹೊಸ ಲೈಬ್ರರಿಯಲ್ಲಿ ಒಂದು ಸ್ಟ್ರಕ್ಟ್‌ಗೆ (ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ರಚನೆಗೆ) ಹೊಸ ಫೀಲ್ಡ್ ಸೇರಿದೆ ಅನ್ನಿ. 40 ಬೈಟ್ ಇದ್ದದ್ದು 48 ಆಯಿತು. ನಿಮ್ಮ ಪ್ರೋಗ್ರಾಮ್ ಹಳೇ ಹೆಡರ್‌ನಿಂದ (ಈ ರಚನೆಯನ್ನು ವಿವರಿಸುವ ಫೈಲ್‌ನಿಂದ) ಕಂಪೈಲ್ ಆಗಿದೆ, 40 ಬೈಟ್ ಜಾಗ ಕೊಡುತ್ತದೆ. ಲೈಬ್ರರಿ 48 ಬೈಟ್ ಬರೆಯುತ್ತದೆ. ಆ ಕ್ಷಣ ಏನೂ ಆಗದೇ ಇರಬಹುದು. ಎಷ್ಟೋ ಹೊತ್ತಿನ ನಂತರ, ಸಂಬಂಧವೇ ಇಲ್ಲದ, ಮೆಮೊರಿ ಹಿಂತಿರುಗಿಸುವ ಒಂದು ಫ್ರೀ ಕರೆಯಲ್ಲಿ ಪ್ರೋಗ್ರಾಮ್ ಬೀಳುತ್ತದೆ. ಬ್ಯಾಕ್‌ಟ್ರೇಸ್‌ನ (ಬಿದ್ದಾಗಿನ ಕರೆಗಳ ಪಟ್ಟಿಯ) ಮೇಲಿನ ಸಾಲು ನೋಡಿ ಅಲ್ಲೇ ತೇಪೆ ಹಾಕಿದರೆ ಕ್ರ್ಯಾಶ್ ಇನ್ನೆಲ್ಲೋ ಏಳುತ್ತದೆ. ಅಡ್ರೆಸ್‌ಸ್ಯಾನಿಟೈಜರ್ ಅಥವಾ ವ್ಯಾಲ್‌ಗ್ರೈಂಡ್ ಹಾಕಿದರೆ, ಅಕ್ರಮವಾಗಿ ಬರೆದ ಜಾಗವನ್ನೇ ಹಿಡಿಯುವ ಸಾಧ್ಯತೆ ಜಾಸ್ತಿ. ಬಹಳಷ್ಟು ಸಂದರ್ಭಗಳಲ್ಲಿ ಒಮ್ಮೆ ಪೂರ್ತಿ ಕ್ಲೀನ್ ಮಾಡಿ ಮತ್ತೆ ಬಿಲ್ಡ್ ಮಾಡಿದರೆ ಮುಗಿಯುತ್ತದೆ. ಆದರೂ ಕಾರಣ ಬರೆದಿಡಿ.

ಪೈಥಾನ್‌ನ ಗಣಿತದ ಲೈಬ್ರರಿ ನಂಪೈ 2.0 ಬಂದಾಗಲೂ ಇದೇ ಪಾಡು. 2024ರ ಜೂನ್‌ನಲ್ಲಿ ಬಂತು. 1.ಎಕ್ಸ್ ಜೊತೆ ಕಂಪೈಲ್ ಆದ ಮಾಡ್ಯೂಲ್‌ಗಳು ಅದರಲ್ಲಿ ಓಡಲಿಲ್ಲ. ಒಳ್ಳೆಯ ವಿಷಯ ಏನೆಂದರೆ, ಅಲ್ಲಿ ಸಂದೇಶವೇ ಕಾರಣ ಹೇಳುತ್ತಿತ್ತು. ದಯವಿಟ್ಟು ಸಂದೇಶವನ್ನು ಪೂರ್ತಿ ಓದಿ.

ಎರಡೇ ನಿಮಿಷ ಅಂತ ಚೀಟಿ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಯಾವ ಲೈಬ್ರರಿ ಲೋಡ್ ಆಗಿದೆ ಎಂದು ಊಹಿಸಬೇಡಿ. ಬೇಕಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ ಕಮಾಂಡ್ ನೋಡಿ, ಓಡುತ್ತಿರುವಾಗ ಪ್ರೊಸೆಸ್‌ನ ಮ್ಯಾಪ್ಸ್ ಫೈಲ್ ನೋಡಿ. ಪ್ಲಗಿನ್ ಒಂದು ಹಳೇ ಪ್ರತಿಯನ್ನೂ ಎಳೆದು ತಂದಿರಬಹುದು. ಬ್ಯಾಕ್‌ಟ್ರೇಸ್‌ನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಮೊದಲು ಡೀಬಗ್ ಸಿಂಬಲ್ (ಫಂಕ್ಷನ್ ಹೆಸರು, ಸಾಲಿನ ಮಾಹಿತಿ) ಹಾಕಿ. ಒಂದು ಸಲಕ್ಕೆ ಒಂದೇ ಲೈಬ್ರರಿ ಬದಲಿಸಿ. ಲೈಬ್ರರಿಯ ಸೋರ್ಸ್ ಇದ್ದರೆ ಗಿಟ್ ಬೈಸೆಕ್ಟ್ ಬಳಸಿ. ಅದು ಪ್ರತಿ ಹೆಜ್ಜೆಗೂ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ, 1000 ಬದಲಾವಣೆಗಳಲ್ಲಿ ಕೆಟ್ಟದ್ದನ್ನು ಸುಮಾರು 10 ಹೆಜ್ಜೆಯಲ್ಲಿ ಹಿಡಿಯಬಹುದು. ತಪ್ಪು ಲೈಬ್ರರಿಯದ್ದೇ ಆಗಿದ್ದರೆ ಚಿಕ್ಕ ಪ್ರೋಗ್ರಾಮ್‌ನಲ್ಲಿ ಅದನ್ನು ತೋರಿಸಿ, ಬರೆದವರಿಗೆ ಕಳಿಸಿ.

ಕೋರ್ ಡಂಪ್ (ಕ್ರ್ಯಾಶ್ ಆದಾಗಿನ ಮೆಮೊರಿಯ ಪ್ರತಿ) ತಂದಿರುವವರು ಮುಂದೆ ಬನ್ನಿ, ಇಲ್ಲೇ ತೆರೆದು ನೋಡೋಣ.