ಆ ಮೂಳೆಗಳೆಲ್ಲ ಹುಚ್ಚಾಸ್ಪತ್ರೆಯವರದಲ್ಲ

ನಮಸ್ಕಾರ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣದ ಬಳಿ ಸಾವಿರಾರು ಅಸ್ಥಿಪಂಜರಗಳು ಸಿಕ್ಕ ಉತ್ಖನನದ ಬಗ್ಗೆ ಈ ವಾಹಿನಿಯಲ್ಲಿ ಹಿಂದೆ ಮಾತನಾಡಿದ್ದೆ. ಆ ಕಂತಿನ ಕೆಳಗೆ ಒಬ್ಬರು, ‘ಹುಚ್ಚಾಸ್ಪತ್ರೆಯವರು ಸಾಯಿಸಿದ ಸಾವಿರಾರು ರೋಗಿಗಳ ಗುಂಡಿ ಅದು, ಅಲ್ಲಿ ದೆವ್ವಗಳು ಓಡಾಡುತ್ತವೆ’ ಎಂದು ಬರೆದಿದ್ದಾರೆ. ನೂರಾರು ಜನ ಅದನ್ನು ಮೆಚ್ಚಿಕೊಂಡಿದ್ದಾರೆ. ನನಗೆ ಸಿಟ್ಟು ಬಂದಿದೆ. ಇವತ್ತು ಹೇಳುವುದು ಒಂದೇ ಮಾತು: ಅಲ್ಲಿ ಸಿಕ್ಕವರು ಲಂಡನ್ನಿನ ಸಾಮಾನ್ಯ ಜನ.

ಬೆತ್ಲೆಮ್ ಎಂಬ ಆಸ್ಪತ್ರೆ ಅಲ್ಲಿತ್ತು ಎನ್ನುವುದು ನಿಜ. 1247ರಲ್ಲಿ ಕ್ರೈಸ್ತ ಮಠವಾಗಿ ಆರಂಭವಾದ ಆ ಸಂಸ್ಥೆಯಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಮನೋರೋಗಿಗಳನ್ನು ಇರಿಸಿಕೊಳ್ಳುತ್ತಿದ್ದರು. 1403ರಲ್ಲಿ ತಪಾಸಣೆಗೆ ಬಂದವರು ಅಲ್ಲಿ ಬುದ್ಧಿ ಕೆಟ್ಟ ಆರು ಮಂದಿ ಇದ್ದರೆಂದು ಬರೆದಿಟ್ಟಿದ್ದಾರೆ. ಜೊತೆಗೆ ನಾಲ್ಕು ಜೊತೆ ಕೈಕೋಳ, ಹನ್ನೊಂದು ಸರಪಳಿ, ಆರು ಬೀಗ, ಎರಡು ಜೊತೆ ಕಾಲುದಿಮ್ಮಿಗಳನ್ನೂ ಪಟ್ಟಿ ಮಾಡಿದ್ದಾರೆ. ಆರು ಜನರಿಗೆ ಹನ್ನೊಂದು ಸರಪಳಿ! ಆ ರೋಗಿಗಳ ನಿಜವಾದ ಕಥೆ ಈ ಪಟ್ಟಿಯಲ್ಲಿದೆ. ಅದನ್ನು ಓದುವ ತಾಳ್ಮೆ ಇಲ್ಲದವರು ದೆವ್ವವನ್ನು ಹುಡುಕಿಕೊಂಡು ಹೋಗುತ್ತಾರೆ.

ಇನ್ನು ಆ ಸಮಾಧಿಭೂಮಿಯ ವಿಷಯ. ಲಂಡನ್ನಿನ ಚರ್ಚುಗಳ ಅಂಗಳದಲ್ಲಿ ಹೂಳಲು ಜಾಗ ಸಾಲದೆ ಹೋದಾಗ, 1569ರಲ್ಲಿ ನಗರದ ಮೇಯರ್ ಸರ್ ಥಾಮಸ್ ರೋ ಆಸ್ಪತ್ರೆಗೆ ಸೇರಿದ ಜಮೀನಿನಲ್ಲಿ ಸುಮಾರು ಒಂದು ಎಕರೆಗೆ ಗೋಡೆ ಹಾಕಿಸಿ, ಅದನ್ನು ಊರಿಗೆಲ್ಲ ಸೇರಿದ ಹೊಸ ಸಮಾಧಿಭೂಮಿಯನ್ನಾಗಿ ಮಾಡಿಸಿದ. 1739ರವರೆಗೂ ಅಲ್ಲಿ ಹೂಳುತ್ತಿದ್ದರು. ಬಡವರು, ಪರಊರಿನವರು, ತಮ್ಮ ಚರ್ಚಿನಲ್ಲಿ ಜಾಗ ಸಿಗದವರು, ಚರ್ಚಿನ ಅಂಗಳದಲ್ಲಿ ಮಣ್ಣಾಗಲು ಮನಸ್ಸಿಲ್ಲದವರು, ಪ್ಲೇಗ್ ಬಂದು ಸತ್ತವರು ಎಲ್ಲರೂ ಅಲ್ಲಿದ್ದಾರೆ. ಜಮೀನು ಆಸ್ಪತ್ರೆಯದು, ಹೆಣಗಳು ಊರಿನವು.

ಲೆಕ್ಕವನ್ನಾದರೂ ನೋಡಿ. 1598ರಲ್ಲಿ ಆ ಆಸ್ಪತ್ರೆಯಲ್ಲಿದ್ದ ರೋಗಿಗಳು ಸುಮಾರು 20. ಕ್ರಾಸ್‌ರೈಲ್ ಎಂಬ ರೈಲು ಮಾರ್ಗಕ್ಕಾಗಿ (ಇಂದಿನ ಎಲಿಜಬೆತ್ ಮಾರ್ಗ) ಪುರಾತತ್ವಜ್ಞರು ಅಲ್ಲಿ ಹೊರತೆಗೆದ ಅಸ್ಥಿಪಂಜರಗಳು 3,300ಕ್ಕೂ ಹೆಚ್ಚು, ಅದೂ ಸಮಾಧಿಭೂಮಿಯ ಒಂದು ಭಾಗದಲ್ಲಿ ಮಾತ್ರ. ಇಷ್ಟು ಸಣ್ಣ ಆಸ್ಪತ್ರೆಯ ತಲೆಗೆ ಅಷ್ಟು ಹೆಣಗಳನ್ನು ಕಟ್ಟುವುದು ಯಾವ ನ್ಯಾಯ? ‘ಒಬ್ಬಿಬ್ಬರು ರೋಗಿಗಳಾದರೂ ಇದ್ದಿರಬಹುದಲ್ಲ’ ಎಂದು ಕೇಳುವವರಿದ್ದಾರೆ. ಇದ್ದಿರಬಹುದು. ಒಬ್ಬಿಬ್ಬರು ಇದ್ದ ಮಾತ್ರಕ್ಕೆ ಮೂರು ಸಾವಿರ ಜನ ರೋಗಿಗಳಾಗುವುದಿಲ್ಲ.

ಅಲ್ಲಿ ಸಿಕ್ಕ ಒಂದು ಕಲ್ಲಿನ ಮೇಲೆ ಮೇರಿ ಗಾಡ್‌ಫ್ರೀ ಎಂಬ ಹೆಸರಿದೆ, 1665ರ ಸೆಪ್ಟೆಂಬರ್ ಎಂದಿದೆ. ಕ್ರಿಪಲ್‌ಗೇಟಿನ ಸೇಂಟ್ ಜೈಲ್ಸ್ ಚರ್ಚಿನ ದಫ್ತರದಲ್ಲಿ, ಅಂದರೆ ಹೂಳಿದವರ ಹೆಸರು ಬರೆದಿಡುವ ಪುಸ್ತಕದಲ್ಲಿ, ಆಕೆಯ ಹೆಸರು ಅದೇ ವರ್ಷದ ಸೆಪ್ಟೆಂಬರ್ 2ರ ಕೆಳಗೆ ಇದೆ. ಆಕೆಯನ್ನು ಕೊಂದದ್ದು ಪ್ಲೇಗ್. ಮತ್ತೊಂದು ಕಡೆ ಒಂದೇ ಗುಂಡಿಯಲ್ಲಿ 42 ಜನರ ಅವಶೇಷಗಳು ಸಿಕ್ಕವು. ಅವರನ್ನು ಯಾರೂ ಎತ್ತಿ ಬಿಸಾಡಿರಲಿಲ್ಲ, ಪೆಟ್ಟಿಗೆಗಳಲ್ಲಿಟ್ಟು ಸಾಲಾಗಿ, ಒಪ್ಪವಾಗಿ ಮಲಗಿಸಿದ್ದರು. ಆ ಗುಂಡಿಯವರ ಹಲ್ಲುಗಳನ್ನು ಜರ್ಮನಿಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, 2016ರಲ್ಲಿ, 20 ಮಂದಿಯ ಪೈಕಿ ಐವರಲ್ಲಿ ಪ್ಲೇಗಿನ ರೋಗಾಣುವಿನ ಡಿಎನ್‌ಎ ಪತ್ತೆಯಾಯಿತು. ಊರಿಗೆ ಊರೇ ಸಾಯುತ್ತಿದ್ದ ದಿನಗಳಲ್ಲೂ ಯಾರೋ ನಿಂತು ಆ ಪೆಟ್ಟಿಗೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದಾರೆ. ಅದನ್ನು ಕೊಲೆಯ ಗುಂಡಿ ಎಂದು ಕರೆಯಲು ಬಾಯಿ ಹೇಗೆ ಬರುತ್ತದೆ?

ಪತ್ರಿಕೆಗಳಲ್ಲೇ ಹಾಗೆ ಬಂದಿದೆ ಎನ್ನುತ್ತೀರಿ. ಶೀರ್ಷಿಕೆ ಬರೆದವರು ಚರ್ಚಿನ ದಫ್ತರಗಳನ್ನು ತೆರೆದು ನೋಡಿರಲಿಲ್ಲ. ತೆರೆದು ನೋಡಿದವರು ಸ್ವಯಂಸೇವಕರು. ಅಲ್ಲಿ ಹೂಳಲಾದ 5,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಒಂದೊಂದಾಗಿ ಹೆಕ್ಕಿ ಪಟ್ಟಿ ಮಾಡಿದವರು. ನಾನು ನಂಬುವುದು ಅವರನ್ನು. ಆ ಹೆಸರುಗಳು ಕಣ್ಣೆದುರಿಗೆ ಇದ್ದರೂ ಎಲ್ಲರಿಗೂ ಒಂದೇ ಹಣೆಪಟ್ಟಿ ಅಂಟಿಸಿದರೆ ಅವರನ್ನು ಎರಡನೆಯ ಸಲ ಹೂತ ಹಾಗೆ. ಮನೋರೋಗಿಗಳಿಗೂ ಅದು ಅನ್ಯಾಯವೇ. ಅವರು ಸತ್ತರೆ ದೆವ್ವವೇ ಆಗಬೇಕೆಂದು ಯಾರು ಹೇಳಿದರು? ಇಲ್ಲ, ಇದನ್ನು ನಾನು ಒಪ್ಪುವುದಿಲ್ಲ. ಎಷ್ಟು ಜನ ಮೆಚ್ಚಿದರೂ ಒಪ್ಪುವುದಿಲ್ಲ.

ಲಂಡನ್ನಿನಿಂದ ನಮ್ಮನ್ನು ಕೇಳುವ ಕನ್ನಡಿಗರಲ್ಲಿ ಒಂದು ಕೋರಿಕೆ: ಎಲಿಜಬೆತ್ ಮಾರ್ಗದ ರೈಲಿಗೆಂದು ಆ ನಿಲ್ದಾಣದಲ್ಲಿ ಇಳಿಯುವಾಗ ಜೊತೆಯಲ್ಲಿದ್ದವರಿಗೆ ಮೇರಿ ಗಾಡ್‌ಫ್ರೀಯ ಹೆಸರು ಹೇಳಿ. ಉಳಿದವರು ಈ ಕಂತನ್ನು ಆ ಟಿಪ್ಪಣಿ ಮೆಚ್ಚಿದವರಿಗೆಲ್ಲ ಕಳುಹಿಸಿ, ವಾಹಿನಿಗೆ ಚಂದಾದಾರರಾಗಿ. 1676ರಲ್ಲಿ ಆಸ್ಪತ್ರೆಯನ್ನು ಮೂರ್‌ಫೀಲ್ಡ್ಸ್‌ಗೆ ಸಾಗಿಸಿದರು, ಅಲ್ಲಿನ ಕಟ್ಟಡದ ವಿನ್ಯಾಸ ವಿಜ್ಞಾನಿ ರಾಬರ್ಟ್ ಹುಕ್ ಅವರದು. ಮುಂದಿನ ಕಂತು ಅದರ ಬಗ್ಗೆ. ಅದರ ಕೆಳಗೂ ದೆವ್ವದ ಮಾತು ಬಂದರೆ, ಈ ದಫ್ತರಗಳನ್ನೇ ಮತ್ತೆ ಮೊದಲಿನಿಂದ ಓದುತ್ತೇನೆ.