72 ಸೆಂಟ್ ಮಳೆ

ಕೇಳುಗರಿಗೆ ನಮಸ್ಕಾರ.

ಮಾರ್ಚ್ ಬಂತೆಂದರೆ ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದವರ ಬಾಯಲ್ಲಿ ಒಂದೇ ಪ್ರಶ್ನೆ: ‘ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?’ 100 ಸೆಂಟ್ ಅಂದರೆ ಒಂದು ಇಂಚು ಮಳೆ. ಕಾಫಿ ಹೂ ಅರಳಿಸುವ ಹೂಮಳೆ ಸಾಕಾಯಿತೋ, ಸ್ಪ್ರಿಂಕ್ಲರ್ ಹಾಕಬೇಕೋ ಅನ್ನುವುದು ಆ ಲೆಕ್ಕದ ಮೇಲೆ ನಿಂತಿದೆ.

ನಮ್ಮ ತಂದೆ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡುತ್ತಿದ್ದರು. ಆಮೇಲೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ಬೆಳಿಗ್ಗೆ ಅಪ್ಪ, ಅಕ್ಕ, ನಾನು ಮೂವರೂ ಓದಿದೆವು. 72, 72, 73 ಸೆಂಟ್. ಅಷ್ಟರಲ್ಲಿ ಪಕ್ಕದ ತೋಟದ ಮಾವ ಬಂದರು. ಅವರ ಹತ್ತಿರ ಮಳೆಮಾಪಕ ಇಲ್ಲ. ಕಾಫಿ ಒಣಗಿಸುವ ಕಣದಲ್ಲಿ ಮೂರು ಬಿಸ್ಕತ್ ಡಬ್ಬ ಇಟ್ಟು, ಶಾಲೆಯ ಸ್ಕೇಲಿನಲ್ಲಿ ಅಳೆದಿದ್ದರು. 21, 23, 22 ಮಿಲಿಮೀಟರ್. ಸರಾಸರಿ 22, ಅಂದರೆ ಸುಮಾರು 87 ಸೆಂಟ್.

‘ಡಬ್ಬದಲ್ಲಿ ಮಳೆ ಅಳೆಯೋಕಾಗುತ್ತಾ ಭಾವ?’ ಅಂದರು ಅಪ್ಪ. ನನಗೂ ಹಾಗೇ ಅನ್ನಿಸಿತು. ನಮ್ಮ ಮೂರು ಓದುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅವರವು ಚೆದುರಿದ್ದವು.

ಹೀಗೆ ಮತ್ತೆ ಮತ್ತೆ ಅಳೆದಾಗ ಉತ್ತರಗಳು ಹತ್ತಿರ ಹತ್ತಿರ ಬರುವುದಕ್ಕೆ ವಿಜ್ಞಾನದಲ್ಲಿ ಪ್ರಿಸಿಷನ್ ಅನ್ನುತ್ತಾರೆ. ಉತ್ತರ ನಿಜವಾದ ಬೆಲೆಗೆ ಹತ್ತಿರ ಇದ್ದರೆ ಅದು ಆಕ್ಯುರಸಿ. ನಾವು ಮಾತಾಡುವಾಗ ಎರಡಕ್ಕೂ ‘ನಿಖರ’ ಅಂದುಬಿಡುತ್ತೇವೆ, ಅಲ್ವಾ? ಆದರೆ ಮೊದಲನೆಯದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು, ಇನ್ನೊಂದು ಸಲ ಅಳೆದರಾಯಿತು. ಎರಡನೆಯದಕ್ಕೆ ಹೊರಗಿನದೊಂದು ಸಾಕ್ಷಿ ಬೇಕು.

ಹಬಲ್ ದೂರದರ್ಶಕದ ಕಥೆ ಇದೇ. 1990ರ ಏಪ್ರಿಲ್‌ನಲ್ಲಿ ಅದು ಬಾಹ್ಯಾಕಾಶಕ್ಕೆ ಹೋಯಿತು. 2.4 ಮೀಟರ್ ಅಗಲದ ಕನ್ನಡಿ, ಬಹಳ ನಯವಾಗಿ ಉಜ್ಜಿದ್ದು. ಆದರೆ ಚಿತ್ರಗಳು ಮಸುಕು. ಕನ್ನಡಿಯ ಆಕಾರ ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಆ ಉಪಕರಣ ಹೇಳಿದಂತೆಯೇ ಉಜ್ಜುತ್ತಾ ಹೋದರು. ಅಂಚಿನಲ್ಲಿ ಸುಮಾರು 2.2 ಮೈಕ್ರೋಮೀಟರ್ ಜಾಸ್ತಿ ಸವೆಯಿತು, ಕೂದಲಿನ ದಪ್ಪದ ಐವತ್ತನೇ ಒಂದು ಪಾಲಿನಷ್ಟು. ನನ್ನನ್ನು ಕಾಡುವುದು ಇದಲ್ಲ. ಬೇರೆ ಎರಡು ಉಪಕರಣಗಳು ತಪ್ಪನ್ನು ಆಗಲೇ ತೋರಿಸಿದ್ದವು. ಅವು ಅಷ್ಟು ಸೂಕ್ಷ್ಮವಲ್ಲ ಎಂದು ಅವುಗಳ ಮಾತನ್ನು ಬದಿಗಿಟ್ಟರು. ಅವು ಹಬಲ್‌ನ ಬಿಸ್ಕತ್ ಡಬ್ಬಗಳು.

ನಮ್ಮ ಮಾವ ಸುಮ್ನೆ ಹೋಗಲಿಲ್ಲ. ಮಾಪಕದ ಹತ್ತಿರ ನಿಂತು ತಲೆ ಎತ್ತಿ ನೋಡಿದರು. ಅದನ್ನು ನೆಟ್ಟಾಗ ಪಕ್ಕದ ಸಿಲ್ವರ್ ಓಕ್ ಗಿಡ ಸೊಂಟದಷ್ಟಿತ್ತಂತೆ. ಈಗ ಮನೆಯ ಮಾಡು ದಾಟಿ ಬೆಳೆದಿದೆ. ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿ ಮಳೆಮಾಪಕ ಇರಬೇಕು. ಇಲ್ಲದಿದ್ದರೆ ಓರೆಯಾಗಿ ಬರುವ ಮಳೆಯನ್ನು ಮರವೇ ತಡೆಯುತ್ತದೆ. ಮಾಪಕವನ್ನು ಕಿತ್ತು ಕಣದ ಬಯಲಿಗೆ, ಡಬ್ಬಗಳ ಪಕ್ಕಕ್ಕೆ ತಂದೆವು. ಮುಂದಿನ ಮಳೆಯಲ್ಲಿ ಎರಡರ ಲೆಕ್ಕವೂ ಕೂಡಿ ಬಂತು. ನಮ್ಮ ಗಾಜು ಕೆಟ್ಟದ್ದಲ್ಲ. ಬಯಲಿಗೆ ಬಂದ ಮೇಲೆ ಅದರ ಸೂಕ್ಷ್ಮ ಗೆರೆಗಳೂ ಉಪಯೋಗಕ್ಕೆ ಬಂದವು.

ಹಬಲ್‌ನ ತಪ್ಪು ಎಷ್ಟೆಂದು ಲೆಕ್ಕ ಸಿಕ್ಕಿತು. ಅದಕ್ಕೆ ತಕ್ಕ ತಿದ್ದುಪಡಿ ಕನ್ನಡಿಗಳನ್ನು ಮಾಡಿ, 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಜೋಡಿಸಿದರು. ನಮ್ಮ ಪುಸ್ತಕಕ್ಕೆ ಅಂಥ ಭಾಗ್ಯ ಇರಲಿಲ್ಲ. ಮರ ವರ್ಷ ವರ್ಷವೂ ಬೆಳೆದಿದೆ, ತಪ್ಪೂ ಅದರ ಜೊತೆಗೇ ಬೆಳೆದಿದೆ. ಯಾವ ವರ್ಷಕ್ಕೆ ಎಷ್ಟು ಸೆಂಟ್ ಕೂಡಿಸಬೇಕು? ಎಲ್ಲ ಸೇರಿಸಿ ಸರಾಸರಿ ತೆಗೆದರೂ ಮರ ತಡೆದ ಮಳೆ ವಾಪಸ್ ಬರುವುದಿಲ್ಲ.

ಅಪ್ಪ ಹಳೆಯ ಒಂದು ಅಂಕಿಯನ್ನೂ ತಿದ್ದಲಿಲ್ಲ. ಆ ದಿನದ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ‘ಮಾಪಕದ ಜಾಗ ಬದಲು, ಮರ ಅಡ್ಡ ಇತ್ತು’ ಎಂದು ಬರೆದರು.

ನಮಸ್ಕಾರ.